ಬಿಕ್ಕಲಂ ಬರೆದವನ ಪರೀಕ್ಷೆ

ದೇವದುರ್ಗದ ತಾಲ್ಲೂಕು ಕಚೇರಿಯ ಎದುರು ಬೇವಿನ ಮರದ ಕೆಳಗೆ ಐದು ಮೇಜುಗಳಿದ್ದವು. ಮೂರನೆಯದು ನನ್ನದು. ರಾಯಚೂರಿನಲ್ಲಿ ಬಿ.ಎ. ಮುಗಿಸಿ ಬಂದವನು ನೌಕರಿ ಸಿಗುವ ತನಕ ಅರ್ಜಿ, ಪತ್ರ ಬರೆದುಕೊಂಡಿರೋಣ ಎಂದು ಆ ಮೇಜಿಗೆ ಕೂತೆ. ಎಪ್ಪತ್ತರ ದಶಕದ ಆರಂಭದ ಮಾತು. ನೌಕರಿ ಸಿಗಲಿಲ್ಲ, ನಾನು ಏಳಲಿಲ್ಲ.

ಕೆಲಸ ಕಲಿಸಿದವರು ಮೊದಲ ಮೇಜಿನ ಮುದುಕರು. ನಿಜಾಮನ ಕಾಲದಲ್ಲಿ ಉರ್ದುವಿನಲ್ಲಿ ಅರ್ಜಿ ಬರೆದವರು. ನಾವೆಲ್ಲ ಅವರನ್ನು ಉಸ್ತಾದರು ಎನ್ನುತ್ತಿದ್ದೆವು. ಅವರ ಹತ್ತಿರ ನಮೂನೆಗಳ ಒಂದು ದಪ್ಪ ವಹಿ ಇತ್ತು. ಖರೀದಿ ಪತ್ರ, ಬಾಡಿಗೆ ಪತ್ರ, ಅಣ್ಣತಮ್ಮಂದಿರು ಆಸ್ತಿ ಹಂಚಿಕೊಳ್ಳುವ ವಾಟ್ನಿ ಪತ್ರ, ಎಲ್ಲವೂ ಅದರಲ್ಲಿ ಸಿದ್ಧವಾಗಿದ್ದವು. ಹೆಸರು, ಊರು, ಸರ್ವೆ ನಂಬರು ಬದಲಿಸಿದರೆ ಪತ್ರ ತಯಾರು. ಅವರು ನನಗೆ ಮೂರು ಮಾತು ಹೇಳಿದ್ದರು. ಪುಟದಲ್ಲಿ ಖಾಲಿ ಜಾಗ ಬಿಡಬಾರದು, ಬಿಟ್ಟರೆ ಯಾರಾದರೂ ಏನಾದರೂ ಸೇರಿಸುತ್ತಾರೆ. ಹೆಬ್ಬೆಟ್ಟು ಒತ್ತಿಸುವ ಮೊದಲು ಓದಿ ಹೇಳಬೇಕು. ಕೊನೆಗೆ ಬಿಕ್ಕಲಂ ಎಂದು ಬರೆದು, ಈ ಕಾಗದ ಬರೆದ ಕೈ ನನ್ನದು ಎಂದು ರುಜು ಹಾಕಬೇಕು. "ಬರದವನ ಹೆಸರಿಲ್ಲದ ಕಾಗದ ಬರೀಬ್ಯಾಡ, ಮುಟ್ಟಬ್ಯಾಡ" ಎನ್ನುತ್ತಿದ್ದರು. ಬರೆದದ್ದು ನಮಗೆ ಅರ್ಥವಾಗಿರಬೇಕು ಎಂಬ ನಾಲ್ಕನೆಯ ಮಾತು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ನನ್ನ ಅಕ್ಷರ ಚೆಂದ ಇತ್ತು, ಅಷ್ಟು ಸಾಕೆಂದುಕೊಂಡಿದ್ದೆ.

ಹೀಗಿರುವಾಗ ನನ್ನ ಸೋದರತ್ತೆ ವಿಧವೆಯಾದಳು. ಗಂಡನ ತಮ್ಮಂದಿರಿಬ್ಬರು ಆಕೆಯನ್ನು ಕರೆದುಕೊಂಡು ನನ್ನ ಮೇಜಿಗೇ ಬಂದರು. ಬೇರೆ ಯಾರ ಹತ್ತಿರ ಹೋಗುತ್ತಾರೆ, ಮನೆಯ ಹುಡುಗ ನಾನೇ ಇರುವಾಗ? ಹೊಲದ ವಾಟ್ನಿ ಪತ್ರ ಬರೆಯಬೇಕಿತ್ತು. ಇಂಥಿಂಥ ನಮೂನೆ ಎಂದು ಅವರೇ ಹೇಳಿದರು, ನಾನು ವಹಿ ತೆರೆದು ಇಳಿಸಿದೆ. ಬಸ್ಸಿನ ಕಂಡಕ್ಟರ್ ಊರುಗಳ ಹೆಸರು ಕೂಗುವ ವೇಗದಲ್ಲಿ ಓದಿ ಹೇಳಿದೆ. ಅತ್ತೆ ಪ್ರತಿ ಸಾಲಿಗೂ "ಹೂಂ" ಎಂದಳು, ಹೆಬ್ಬೆಟ್ಟು ಒತ್ತಿದಳು. ನಾನು ಬಿಕ್ಕಲಂ ಹಾಕಿದೆ. ರಿಜಿಸ್ಟ್ರಿ ಆಯಿತು.

ಮುಂದಿನ ಮುಂಗಾರಿಗೆ ಆಕೆ ತನ್ನ ಪಾಲಿನ ಹೊಲವನ್ನು ಮಗಳು ಅಳಿಯನಿಗೆ ಬಿತ್ತಲು ಕೊಡಹೋದಾಗ ಮೈದುನರು ಆ ಪತ್ರ ತೋರಿಸಿದರು. ಆಕೆಗೆ ಬದುಕಿರುವ ತನಕ ಅನ್ನ ಬಟ್ಟೆ, ಹೊಲದ ಮೇಲೆ ಯಾವ ಹಕ್ಕೂ ಇಲ್ಲ ಎಂದು ಅದರಲ್ಲಿತ್ತು. ಅತ್ತೆ ಪತ್ರದ ನಕಲು ಹಿಡಿದು ನನ್ನ ಮೇಜಿಗೆ ಬಂದಳು. ಎರಡನೆಯ ಸಲ ನಿಧಾನವಾಗಿ ಓದಿದೆ. ಇತ್ತು. ನನ್ನದೇ ಅಕ್ಷರ, ಬಹಳ ಚೆಂದವಾಗಿ ಇತ್ತು.

"ಬರಿಯಾಗ ನಿನಗ ಗೊತ್ತಿತ್ತೇನು?" ಎಂದಳು.

ಗೊತ್ತಿತ್ತು ಎಂದರೆ ಕೇಡಿಗ, ಗೊತ್ತಿರಲಿಲ್ಲ ಎಂದರೆ ದಡ್ಡ. ನಿಜ ಹೇಳಿದೆ. "ಇಲ್ಲತ್ತಿ. ನನಗೂ ತಿಳೀಲಿಲ್ಲ."

"ಮತ್ತ ಓದಿ ಹೇಳಿದೆಲ್ಲ, ಏನಂತ ಹೇಳಿದಿ?" ಎಂದಳು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ನಿನಗ ತಿಳಿಯಾ ತನಕ ನನಗ ಒಂದು ಸಾಲೂ ಓದಿ ಹೇಳಬ್ಯಾಡಪ್ಪ" ಎಂದು ನಕಲನ್ನು ಮಡಚಿಕೊಂಡು ಹೋದಳು.

ಮಾತಿಗೆ ಹೇಳಿದಳು ಎಂದುಕೊಂಡೆ. ಆಕೆ ಮಾತಿಗೆ ಹೇಳುವ ಹೆಂಗಸಲ್ಲ. ಕೆಲವು ವರ್ಷಗಳಿಗೆ ಶಕ್ತಿನಗರದಲ್ಲಿ ವಿದ್ಯುತ್ ಕೇಂದ್ರ ಕಟ್ಟುವ ಕೆಲಸ ಶುರುವಾಗಿ ಮಗಳು, ಅಳಿಯ ಅಲ್ಲಿಗೆ ದುಡಿಯಲು ಹೋದರು. ಮಗಳು ನಾಲ್ಕನೆಯ ಈಯತ್ತೆ ಓದಿದವಳು, ತಿಂಗಳಿಗೊಂದು ಕಾಗದ ಹಾಕುತ್ತಿದ್ದಳು. ಅತ್ತೆ ಆ ಕಾಗದ ಹಿಡಿದು ನನ್ನ ಮೇಜಿನ ಮುಂದಿನಿಂದಲೇ ಪೋಸ್ಟ್ ಆಫೀಸಿಗೆ ಹೋಗಿ ಪೋಸ್ಟ್‌ಮನ್ನನ ಕೈಲಿ ಓದಿಸಿಕೊಂಡು ಬರುತ್ತಿದ್ದಳು. ಬರುವಾಗ "ಉಂಡೇನಪ್ಪಾ?" ಎಂದು ಕೇಳುತ್ತಿದ್ದಳು. ಪ್ರೀತಿಗೆ ಏನೂ ಕಡಿಮೆ ಇರಲಿಲ್ಲ. ಕಾಗದ ಮಾತ್ರ ಕೊಡುತ್ತಿರಲಿಲ್ಲ. ಊರಿಗೆಲ್ಲ ಓದಿ ಹೇಳುವ ನನಗೆ ಅದಕ್ಕಿಂತ ದೊಡ್ಡ ಅವಮಾನ ಇರಲಿಲ್ಲ.

ದಾಖಲೆಗಳ ಶುದ್ಧ ಪ್ರತಿ ಬರೆದುಕೊಡಲು ನಾನು ಆಗಾಗ ಮಾನ್ವಿಗೆ ಒಬ್ಬ ವಕೀಲರ ಹತ್ತಿರ ಹೋಗುತ್ತಿದ್ದೆ. ಒಂದು ದಿನ ಅವರ ಕೋಣೆಯಲ್ಲಿ ಬಿದ್ದಿದ್ದ ಹಳೆಯ ಪೇಪರಿನಲ್ಲಿ ಒಂದು ಜಾಹೀರಾತು ಕಂಡಿತು. ದೂರದ ಒಂದು ವಿಶ್ವವಿದ್ಯಾಲಯ, ವಕೀಲರಲ್ಲದವರಿಗೆ ಕಾನೂನಿನಲ್ಲಿ ಸ್ನಾತಕೋತ್ತರ ಪದವಿ, ಪಾಠಗಳು ಟಪಾಲಿನಲ್ಲಿ. ಯಾವ ಬಿ.ಎ. ಆದರೂ ನಡೆಯುತ್ತದೆ. ಎರಡು ವರ್ಷದ್ದನ್ನು ಐದು ವರ್ಷದ ಒಳಗೆ ಮುಗಿಸಿದರೆ ಸಾಕು, ಒಂದೊಂದೇ ವಿಷಯಕ್ಕೆ ಪರೀಕ್ಷೆಗೆ ಕೂಡಬಹುದು, ಕನ್ನಡದಲ್ಲೂ ಬರೆಯಬಹುದು.

ವಕೀಲರು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದನ್ನ ಓದಿದ್ರ ಕರಿ ಕೋಟು ಹಾಕಾಕ ಬರೂದಿಲ್ಲರೀ. ಊಟಕ್ಕ ಕೂಡಬ್ಯಾಡ, ಅಡಿಗಿ ಮಾತ್ರ ಕಲಿ ಅಂದಂಗಾತು. ಏನ್ ಮಾಡ್ತೀರಿ ತಗೊಂಡು?"

"ನಾ ಬರದದ್ದು ನನಗ ತಿಳೀಬೇಕಾಗ್ಯದರೀ" ಎಂದೆ. ಅವರ ನಗೆ ನಿಂತಿತು. ಫಾರಂ ತುಂಬಲು ತಮ್ಮ ಪೆನ್ನು ಕೊಟ್ಟರು. ನಗುವುದು ಅವರ ಚಾಳಿ, ಮನುಷ್ಯ ಒಳ್ಳೆಯವರು.

ಪಾಠಗಳು ಬಂದವು. ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳು, ಮೂಲೆಯಲ್ಲಿ ದಾರ. ಅಕ್ಷರ ಅರ್ಧ ಅಳಿಸಿರುತ್ತಿತ್ತು. ಮಾನ್ವಿಗೆ ಹೋಗಿಬರುವಾಗ ಸಿರವಾರದಲ್ಲಿ ಬಸ್ಸು ಬದಲಿಸಬೇಕಿತ್ತು, ಆ ಬಸ್ಸು ಎಂದೂ ಹೊತ್ತಿಗೆ ಬರುತ್ತಿರಲಿಲ್ಲ. ಆಸ್ತಿ ಹಸ್ತಾಂತರದ ಕಾಯ್ದೆಯನ್ನು ನಾನು ಪೂರ್ತಿ ಓದಿದ್ದು ಸಿರವಾರದ ಭತ್ತದ ಚೀಲಗಳ ಮೇಲೆ ಕೂತು. ಬಸ್ಸು ಸರಿಯಾಗಿ ಬರುತ್ತಿದ್ದರೆ ನಾನು ಖಂಡಿತ ನಪಾಸಾಗುತ್ತಿದ್ದೆ.

ಮೊದಲ ವರ್ಷ ಮನೆಯಲ್ಲೇ ಕೂತು ಉತ್ತರ ಬರೆದು ಕಳಿಸಬೇಕಿತ್ತು. ನನ್ನ ಅಕ್ಷರ ನೋಡಿಯೇ ದಂಗಾಗುತ್ತಾರೆ ಎಂದು ಕಾದಿದ್ದೆ. ಹಾಳೆ ವಾಪಸು ಬಂತು, ಮೇಲೆ ಕೆಂಪು ಮಸಿಯಲ್ಲಿ ಹೀಗಿತ್ತು: "ನೀವು ಉತ್ತರ ಬರೆದಿಲ್ಲ, ಅರ್ಜಿ ಬರೆದಿದ್ದೀರಿ. ಎದುರಿನವರು ಏನು ಹೇಳುತ್ತಾರೆ? ನೀವು ಏನು ಹೇಳುತ್ತೀರಿ?" ಮೈ ಉರಿಯಿತು. ಎರಡು ದಿನ ಪಾಠ ಮುಟ್ಟಲಿಲ್ಲ. ಮೂರನೆಯ ದಿನ ಸಿಟ್ಟು ಇಳಿದ ಮೇಲೆ ಹೊಳೆಯಿತು, ಇಷ್ಟು ವರ್ಷ ಮತ್ತೊಬ್ಬರ ಮಾತನ್ನೇ ಬರೆದವನಿಗೆ ನೀವು ಏನು ಹೇಳುತ್ತೀರಿ ಎಂದು ಯಾರೂ ಕೇಳಿಯೇ ಇರಲಿಲ್ಲ.

ಬೇಸಿಗೆಯಲ್ಲಿ ಒಂದು ವಾರ ರಾಯಚೂರಿನ ಒಂದು ಹೈಸ್ಕೂಲಿನಲ್ಲಿ ನೇರ ಪಾಠ ಇರುತ್ತಿತ್ತು. ಬ್ಯಾಂಕಿನ ಗುಮಾಸ್ತರು, ಒಬ್ಬ ನರ್ಸು, ನಿವೃತ್ತಿಗೆ ಬಂದ ಹವಾಲ್ದಾರರು, ನಾನು. ಆ ಬಿಸಿಲಿನಲ್ಲಿ ಬೆಂಚು ಮುಟ್ಟಿದರೆ ಸುಡುತ್ತಿತ್ತು. ಎರಡನೆಯ ವರ್ಷ ಅಲ್ಲಿ ಮೇಷ್ಟರು ಗಂಡ ಸತ್ತ ಹೆಂಗಸಿನ ಹಕ್ಕಿನ ಪಾಠ ಮಾಡಿದರು. ಗಂಡನ ಆಸ್ತಿಯಲ್ಲಿ ಬರುವ ಪಾಲು ಆಕೆಯದೇ, ಬರೆದುಕೊಟ್ಟರೆ ಮಾತ್ರ ಹೋಗುತ್ತದೆ ಎಂದರು. ನಾನು ನೀರು ಕುಡಿಯುವ ನೆಪ ಮಾಡಿ ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಂತು ಕಣ್ಣೀರು ಹಾಕಿದೆ. ಬರೆದುಕೊಟ್ಟವಳು ನಮ್ಮ ಅತ್ತೆ, ಬರೆದವನು ನಾನು.

ಊರಿಗೆ ಬಂದು ದಾವೆ ಹೂಡಬಹುದೇನೋ ವಿಚಾರಿಸೋಣ ಎಂದೆ. ಅತ್ತೆ ಒಪ್ಪಲಿಲ್ಲ. "ಮೈದುನರ ಮಕ್ಕಳು ನನ್ನ ತೊಡಿ ಮ್ಯಾಲೆ ಬೆಳದಾವ. ಅವರ ಮ್ಯಾಲೆ ಕೋರ್ಟಿಗೆ ಹೋಗಂಗಿಲ್ಲ" ಎಂದಳು. "ನೀ ಓದೂದು ಓದು" ಎಂದು ಸೇರಿಸಿದಳು.

ಮೇಜಿನ ಮೇಲೆ ನನ್ನ ರೀತಿ ಬದಲಾಯಿತು. ಪತ್ರ ಬರೆದ ಮೇಲೆ ಕಾಗದ ಮಗುಚಿಟ್ಟು, ಇದರಿಂದ ನಿಮಗೇನು ಬರುತ್ತದೆ, ಏನು ಹೋಗುತ್ತದೆ ಎಂದು ಮನೆಮಾತಿನಲ್ಲಿ ಹೇಳತೊಡಗಿದೆ. ಕೆಲವರು ನಾನು ವಟವಟ ಮಾಡುತ್ತೇನೆಂದು ಪಕ್ಕದ ಮೇಜಿಗೆ ಹೋದರು. ಒಮ್ಮೆ ಒಬ್ಬಾಕೆ ನನ್ನ ಮಾತು ಕೇಳಿ, ಮಸಿ ಹಚ್ಚಿದ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ಎದ್ದು ಹೋದಳು. ಕರೆತಂದಿದ್ದ ಅಣ್ಣ ನನ್ನನ್ನು ಬಾಯಿಗೆ ಬಂದಂತೆ ಬೈದ. ಅತ್ತೆ ಆಗ ಕಾಗದ ಹಿಡಿದು ಪೋಸ್ಟ್ ಆಫೀಸಿಗೆ ಹೊರಟಿದ್ದಳು. ಒಂದು ಗಳಿಗೆ ನಿಂತು ನೋಡಿದಳು, ಮತ್ತೆ ಮುಂದೆ ನಡೆದಳು.

ಹೀಗೆ ಎಳೆದಾಡುತ್ತ ಐದನೆಯ ವರ್ಷಕ್ಕೆ ಒಂದೇ ವಿಷಯ ಉಳಿಯಿತು. ರಾಯಚೂರಿನ ಕಾಲೇಜಿನಲ್ಲಿ ಪರೀಕ್ಷೆ. ಅಷ್ಟು ಚೆನ್ನಾಗಿ ನಾನು ಎಂದೂ ಬರೆದಿರಲಿಲ್ಲ. ಎರಡೂ ಕಡೆಯವರ ಮಾತು ಹಾಕಿದೆ, ನನ್ನ ಮಾತೂ ಹಾಕಿದೆ. ಕೊನೆಯ ಪುಟ ಅರ್ಧ ಖಾಲಿ ಉಳಿದಿತ್ತು. ಆ ಖುಷಿಯಲ್ಲಿ, ಕೈ ತನ್ನಷ್ಟಕ್ಕೆ ತಾನೇ, ಯಾರೂ ಏನೂ ಸೇರಿಸದಂತೆ ಖಾಲಿ ಜಾಗಕ್ಕೆ ಅಡ್ಡಗೆರೆ ಹೊಡೆಯಿತು. ಕೆಳಗೆ "ಓದಿ ನೋಡಲಾಗಿದೆ, ಸರಿ ಇದೆ. ಬಿಕ್ಕಲಂ" ಎಂದು ಬರೆದು, ನನ್ನ ಹೆಸರು, ತಂದೆಯ ಹೆಸರು, ಸಾಕಿನ್ ದೇವದುರ್ಗ ಎಂದು ವಾಸದ ಊರು ಸೇರಿಸಿ, ಉದ್ದಕ್ಕೆ ರುಜು ಹಾಕಿತು. ಹಾಯಾಗಿ ಊರಿಗೆ ಬಂದೆ.

ಎರಡು ತಿಂಗಳಿಗೆ ನೋಟೀಸು ಬಂತು. ಉತ್ತರ ಪತ್ರಿಕೆಯಲ್ಲಿ ಹೆಸರು ಬರೆದು ಪರೀಕ್ಷಕರಿಗೆ ಗುರುತು ತಿಳಿಸಿದ್ದೀರಿ, ಇದು ಅಕ್ರಮ, ನಿಮ್ಮ ಪರೀಕ್ಷೆಗಳನ್ನೆಲ್ಲ ಏಕೆ ರದ್ದು ಮಾಡಬಾರದು, ಹದಿನೈದು ದಿನದಲ್ಲಿ ಉತ್ತರಿಸಿ. ಐದು ವರ್ಷದ ಗಡುವಿನೊಳಗೆ ಪರೀಕ್ಷೆಗೆ ಕೂಡಲು ಇನ್ನು ಒಂದೇ ಅವಕಾಶ ಉಳಿದಿತ್ತು. ಎಲ್ಲ ವಿಷಯಗಳೂ ರದ್ದಾದರೆ ಓದು ಮುಗಿದಂತೆ. ನಮೂನೆ ವಹಿಯಲ್ಲಿದ್ದ ಕ್ಷಮಾಪಣೆಯ ಅರ್ಜಿ ತೆಗೆದು "ಸನ್ನಿಧಾನದ ಪಾದಾರವಿಂದಗಳಲ್ಲಿ" ಎಂದು ಎರಡು ಪುಟ ಇಳಿಸಿದೆ. ಓದಿ ನೋಡಿದೆ. ಅದರಲ್ಲಿ ನಾನು ಎಲ್ಲೂ ಇರಲಿಲ್ಲ. ಕೆಂಪು ಮಸಿಯ ಪ್ರಶ್ನೆ ನೆನಪಾಗಿ ಹರಿದು ಹಾಕಿದೆ.

ಹೊಸ ಹಾಳೆಯಲ್ಲಿ ಇದ್ದದ್ದು ಇದ್ದಂತೆ ಬರೆದೆ. "ನಾನು ಪತ್ರ ಬರೆಯುವವನು. ಪುಟ ಖಾಲಿ ಬಿಟ್ಟರೆ ನಮಗೆ ನಿದ್ದೆ ಬರುವುದಿಲ್ಲ, ಬರೆದವನ ಹೆಸರು ಹಾಕದಿದ್ದರೆ ಕಾಗದ ಮುಗಿಯುವುದಿಲ್ಲ. ಯಾರಿಗೂ ಗುರುತು ಹೇಳಬೇಕೆಂದು ಮಾಡಲಿಲ್ಲ. ತಿಳಿಯದೆ ಬರೆದ ಒಂದು ಕಾಗದದಿಂದ ನಮ್ಮ ಅತ್ತೆಯ ಹೊಲ ಹೋಯಿತು. ಅದಕ್ಕೇ ಈ ಓದಿಗೆ ಸೇರಿದೆ. ಈ ಉತ್ತರವನ್ನು ತಿಳಿದು ಬರೆದಿದ್ದೇನೆ, ಅದಕ್ಕೇ ಇರಬೇಕು ಕೈ ರುಜು ಹಾಕಿತು." ಕೆಳಗೆ ಹೆಸರು ಬರೆದೆ. ಈ ಕಾಗದದಲ್ಲಿ ಅದಕ್ಕೆ ಜಾಗವಿತ್ತು.

ಉತ್ತರ ಬರುವ ತನಕ ಊಟ ಸೇರಲಿಲ್ಲ. ಬಂತು. ಆ ಒಂದು ವಿಷಯ ಮಾತ್ರ ರದ್ದು, ಉಳಿದವು ಊರ್ಜಿತ, ಮುಂದಿನ ಪರೀಕ್ಷೆಗೆ ಕೂಡಬಹುದು. ಟೈಪು ಮಾಡಿದ ಸಾಲುಗಳ ಕೆಳಗೆ ಯಾರೋ ಪುಣ್ಯಾತ್ಮರು ಪೆನ್ನಿನಲ್ಲಿ "ಈ ಸಲ ಖಾಲಿ ಜಾಗವನ್ನು ಖಾಲಿ ಬಿಡಿ" ಎಂದು ಬರೆದಿದ್ದರು. ಪೋಸ್ಟ್ ಆಫೀಸಿನ ಮೆಟ್ಟಿಲ ಮೇಲೆ ಕೂತು ಹುಚ್ಚನ ಹಾಗೆ ನಕ್ಕೆ.

ಎರಡನೆಯ ಸಲ ಕೊನೆಯ ಹತ್ತು ನಿಮಿಷ ಪೆನ್ನಿಗೆ ಟೊಪ್ಪಿಗೆ ಹಾಕಿ, ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಅರ್ಧ ಪುಟ ಖಾಲಿ ಬಿಟ್ಟು ಬರುವಾಗ ಮನೆಗೆ ಬೀಗ ಹಾಕದೆ ಬಂದಂತಿತ್ತು.

ಪದವಿ ಪತ್ರ ರಿಜಿಸ್ಟರ್ ಟಪಾಲಿನಲ್ಲಿ ಬಂತು. ಪೋಸ್ಟ್‌ಮನ್ ಅದನ್ನು ನನ್ನ ಮೇಜಿಗೇ ತಂದು ಐದೂ ಮೇಜಿಗೆ ಕೇಳುವಂತೆ ನನ್ನ ಹೆಸರು ಕೂಗಿದ. ಒಡೆದು ನೋಡಿದೆ. ಎರಡನೆಯ ದರ್ಜೆ. ಅತ್ತೆ ಅವನನ್ನೇ ಹುಡುಕಿಕೊಂಡು ಬಂದವಳು ಅಲ್ಲೇ ನಿಂತಿದ್ದಳು, ಕೈಯಲ್ಲಿ ಒಡೆಯದ ಇನ್‌ಲ್ಯಾಂಡ್ ಕಾಗದ.

"ಅದರಾಗ ಏನ್ ಬರದದ?" ಎಂದಳು.

ಇಂಗ್ಲಿಷಿನಲ್ಲಿದ್ದದ್ದನ್ನು ಒಂದೊಂದೇ ಸಾಲು ಕನ್ನಡ ಮಾಡಿ ಹೇಳಿದೆ.

"ಕರಿ ಕೋಟು ಹಾಕಬೌದೇನು?"

"ಇಲ್ಲತ್ತಿ."

"ಮತ್ತ ಏನಂತ ಕೊಟ್ಟಾರ?"

"ನಾ ಓದಿದ್ದು ನನಗ ತಿಳದದ ಅಂತ ಬರಕೊಟ್ಟಾರ."

ಅತ್ತೆ ಪೋಸ್ಟ್‌ಮನ್ನನ ಕಡೆ ನೋಡಿ, "ನೀ ಹೋಗಪ್ಪ, ನಿನಗ ಕೆಲಸ ಇರ್ತದ" ಎಂದಳು. ಕಕ್ಷಿದಾರರು ಕೂಡುವ ಬೆಂಚಿನ ಮೇಲೆ ಕೂತು ಇನ್‌ಲ್ಯಾಂಡ್ ಕಾಗದವನ್ನು ಮೇಜಿನ ಮೇಲಿಟ್ಟಳು. "ಓದು."

ಗೆರೆ ಎಳೆಯುವ ಪಟ್ಟಿಯಿಂದ ಅಂಚು ಬಿಡಿಸಿದೆ. ಅವಸರಕ್ಕೆ ಸ್ವಲ್ಪ ಹರಿಯಿತು. ಅವ್ವಗ ಶರಣು, ನಾವು ಆರಾಮ ಇದ್ದೀವಿ ಎಂದು ಓದಿ ನಿಂತು, "ತಿಳೀತೇನತ್ತಿ?" ಎಂದೆ. "ಹೂಂ" ಎಂದಳು. ನಮ್ಮ ಮನಿಯವರಿಗೆ ಇಲ್ಲೇ ಕಾಯಂ ಕೆಲಸ ಆಗೂ ಹಂಗದ ಎಂದು ಓದಿ ಮತ್ತೆ ನಿಂತೆ. "ತಿಳೀತೇನತ್ತಿ?"

"ಲೇ, ನನ್ನ ಮಗಳ ಕಾಗದ ಅದ, ಕಚೇರಿದಲ್ಲ. ನನಗ ತಿಳೀತದ. ನೀ ಸುಮ್ನ ಓದು."

ಸುಮ್ಮನೆ ಓದಿದೆ. ಕೊನೆಗೆ ಬರೆದವಳ ಹೆಸರಿತ್ತು, ಅದನ್ನೂ ಓದಿದೆ.