ಮೂಲೆ ಕತ್ತರಿಸಿದ ಹಸಿರು

ನನ್ನ ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಬೇಕು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಮಾತೂ ಕಡಿಮೆ, ಗೊತ್ತಿರುವ ಪದಗಳೂ ಕಡಿಮೆ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ. ಇದು ನಮ್ಮ ದೊಡ್ಡಮ್ಮನ ಕಥೆ. ನಾನಿರುವುದು ಅವರ ಮನೆಯಲ್ಲೇ.

ದೊಡ್ಡಮ್ಮ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದರು. ಗಿರಾಕಿಗಳು ಅಂಗೈಯಷ್ಟು ಮಾದರಿ ಬಟ್ಟೆ ಕಳಿಸುತ್ತಿದ್ದರು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದಂತೆ ಅದೇ ಬಣ್ಣ ಬೆರೆಸುವುದು ಅವರ ಕೆಲಸ. ಬಣ್ಣ ಹೊಂದಿದ ಕೂಡಲೇ ಹೊಸ ಬಟ್ಟೆಯ ಮೂಲೆಯನ್ನು ಎರಡು ಬೆರಳಗಲ ಕತ್ತರಿಸಿ ದಪ್ಪ ಪುಸ್ತಕಕ್ಕೆ ಅಂಟಿಸಬೇಕು. ಹೊಂದದಿದ್ದರೆ ಹಳದಿ ಚೀಟಿಯಲ್ಲಿ ‘ಹೊಂದಲಿಲ್ಲ’ ಎಂದು ಬರೆದು ಮಾದರಿಯನ್ನು ವಾಪಸ್ ಕಳಿಸಬೇಕು. ದೊಡ್ಡಮ್ಮ ಆ ಚೀಟಿಯನ್ನು ಒಮ್ಮೆಯೂ ಬರೆದವರಲ್ಲ. ನಿವೃತ್ತಿಯ ದಿನ, ಒಂದು ಹಾಳೆಯೂ ಹರಿಯದ ಆ ಚೀಟಿ ಪುಸ್ತಕವನ್ನು ಅವರಿಗೇ ಬಹುಮಾನ ಕೊಟ್ಟು ಎಲ್ಲರೂ ಚಪ್ಪಾಳೆ ತಟ್ಟಿದರಂತೆ.

ಮಾರನೇ ದಿನವೇ ಅವರು ಹಿಂದಿನ ಕೋಣೆ ಖಾಲಿ ಮಾಡಿಸಿ, ಕಿಟಕಿಯ ಎದುರು ಗೋಡೆಗೆ ಕ್ಯಾನ್ವಾಸ್ ಬಟ್ಟೆ ಇಟ್ಟು ಮೊಳೆ ಹೊಡೆದರು. ಯಾವುದಕ್ಕೂ ಹೊಂದಬೇಕಾಗಿಲ್ಲದ ಒಂದು ಬಣ್ಣ ಹಚ್ಚಬೇಕು, ಅಷ್ಟೇ ಅವರ ಆಸೆ. ಹಚ್ಚಿದ್ದು ದಟ್ಟ ಹಸಿರು, ನಡುವೆ ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿದಂಥ ಬೂದಿ ಬಣ್ಣ. ಮರವಿಲ್ಲ, ಮನೆಯಿಲ್ಲ, ಮನುಷ್ಯರಿಲ್ಲ.

ದೊಡ್ಡಪ್ಪ ಬಾಗಿಲಲ್ಲಿ ನಿಂತು ತಲೆ ಓರೆ ಮಾಡಿದರು. “ಇದೇನೇ? ಕೆರೇನಾ, ಕಾಡಾ?”

“ಎರಡೂ ಅಲ್ಲ.”

“ಮತ್ತೇನು?”

“ಹಸಿರು.”

“ಅದು ನನಗೂ ಕಾಣುತ್ತೆ. ಕುರುಡ ಅಂದ್ಕೊಂಡ್ಯಾ?”

ಅವತ್ತು ದೊಡ್ಡಮ್ಮ ಊಟಕ್ಕೆ ಕೂತಾಗಲೂ ನಗುತ್ತಿದ್ದರು. ಬಣ್ಣ ಒಣಗಿದ ಮೇಲೆ ಬಟ್ಟೆಯನ್ನು ಗೋಡೆಯಿಂದ ಬಿಚ್ಚಿ ಬೆಳಕಿಗೆ ಹಿಡಿದು “ಸರಿ ಬಂತು” ಎಂದರು. ಅಷ್ಟರಲ್ಲಿ ಕೈ ತನ್ನ ಪಾಡಿಗೆ ಕತ್ತರಿ ಹುಡುಕಿಕೊಂಡಿತ್ತು. ಕಚಕ್! ಎರಡು ಬೆರಳಗಲದ ಮೂಲೆ ಅವರ ಅಂಗೈಯಲ್ಲಿ.

“ಅಯ್ಯೋ, ನನ್ನ ಕೈಗಿಷ್ಟು!” ಎಂದು ಕತ್ತರಿಯನ್ನು ಮೂಲೆಗೆ ಎಸೆದರು.

“ಇಲಿ ತಿಂತು ಅಂದ್ರಾಯ್ತು ಬಿಡು,” ಎಂದರು ದೊಡ್ಡಪ್ಪ. ಸಮಾಧಾನಕ್ಕೆಂದು ಅದನ್ನು ಅವರೇ ಸುತ್ತಿಕೊಂಡು ಹೋಗಿ ಚೌಕಟ್ಟು ಹಾಕಿಸಲು ಕೊಟ್ಟರು. ಆ ಅಂಗಡಿಯಲ್ಲಿ ಅದು ಒಬ್ಬ ಹೋಟೆಲ್ ಯಜಮಾನರ ಕಣ್ಣಿಗೆ ಬಿತ್ತು. ಅವರು ನೇರ ಮನೆಗೇ ಬಂದರು.

“ಅಮ್ಮಾ, ಆ ಮೂಲೆ ಇಲ್ಲದಿರೋದೇ ಮಜಾ ನೋಡಿ! ನಮ್ಮ ಇಪ್ಪತ್ತನಾಲ್ಕು ರೂಮಿಗೂ ಇಂಥದ್ದೇ ಬೇಕು.”

ಮಾದರಿ ತಂದವರಿಗೆ ಆಗುವುದಿಲ್ಲ ಎಂದು ಹೇಳಿ ದೊಡ್ಡಮ್ಮನಿಗೆ ಅಭ್ಯಾಸವಿಲ್ಲ. ಯೋಚಿಸುವ ಮೊದಲೇ ಹೂಂ ಎಂದು ತಲೆ ಆಡಿಸಿಬಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು, “ಒಂದೆರಡು ಕೆಂಪಲ್ಲಿ ಮಾಡ್ಲಾ?”

“ಬೇಡಮ್ಮಾ. ಮೂರನೇ ರೂಮಿನವನಿಗೂ ಇಪ್ಪತ್ತನೇ ರೂಮಿನವನಿಗೂ ಒಂದೇ ಥರ ನಿದ್ದೆ ಬರ್ಬೇಕು.”

ಎಲ್ಲರೂ ನಕ್ಕರು. ದೊಡ್ಡಮ್ಮನೂ ನಕ್ಕರು, ಸ್ವಲ್ಪ ತಡವಾಗಿ.

ಕತ್ತರಿಸಿದ ಮೂಲೆ ಈಗ ಮಾದರಿಯಾಯಿತು. ಒಂದೊಂದು ಚಿತ್ರ ಮುಗಿದಾಗಲೂ ಅದನ್ನು ಮೇಲಿಟ್ಟು ನೋಡುವುದು, ಹೊಂದಿತೆಂದರೆ ಹೊಸದರ ಮೂಲೆ ಕತ್ತರಿಸುವುದು. ಎಂಟಕ್ಕೆ ಕೋಣೆಯ ಒಳಗೆ, ಒಂದಕ್ಕೆ ಊಟ, ಐದಕ್ಕೆ ಹೊರಗೆ. ಕಾರ್ಖಾನೆಯ ಸೈರನ್ ಒಂದು ಇರಲಿಲ್ಲ, ಅಷ್ಟೇ. ಆರನೆಯದರ ಹೊತ್ತಿಗೆ ದೊಡ್ಡಮ್ಮ ಚಿತ್ರವನ್ನು ನೋಡುವುದನ್ನೇ ಬಿಟ್ಟಿದ್ದರು. ಮಾದರಿಯ ತುಂಡನ್ನು ಮಾತ್ರ ನೋಡುತ್ತಿದ್ದರು.

ಒಂಬತ್ತನೆಯದರಲ್ಲಿ ಬೇಕೆಂದೇ ತಪ್ಪಿಸಲು ಹೊರಟರು. ಹಸಿರಿನ ಬಟ್ಟಲಿಗೆ ಒಂದು ಚಮಚ ಕೆಂಪು ಸುರಿದರು. ಬಣ್ಣ ಕಂದಿತು. “ಹೀಗೇ ಇರ್ಲಿ,” ಎಂದು ಕುಂಚ ಅದ್ದಿದರು. ಆದರೆ ಕಣ್ಣು ಸುಮ್ಮನಿರಬೇಕಲ್ಲ? ನೀಲಿ ಒಂದು ತೊಟ್ಟು, ಹಳದಿ ಎರಡು, ಮತ್ತೆ ನೀಲಿ... ಕೈ ಸರಿಮಾಡುತ್ತಲೇ ಹೋಯಿತು. ಸಂಜೆ ಮಾದರಿಯ ತುಂಡನ್ನು ಹೊಸ ಚಿತ್ರದ ಮೇಲಿಟ್ಟರೆ ತುಂಡು ಎಲ್ಲಿದೆ ಎಂದೇ ಕಾಣಲಿಲ್ಲ. ಬೆರಳಿಂದ ತಡವಿ ಹುಡುಕಬೇಕಾಯಿತು.

“ಇನ್ನು ಹದಿನೈದು ತಾನೇ? ಕಣ್ಮುಚ್ಚಿ ತೆಗೆಯೋದ್ರಲ್ಲಿ ಮುಗಿಯುತ್ತೆ,” ಎಂದರು ದೊಡ್ಡಪ್ಪ.

“ಅಲ್ಲೂ ಹಾಗೇ ಅಂದ್ಕೊಂಡೇ ಮೂವತ್ತೊಂದು ವರ್ಷ ಆಯ್ತು ಕಣ್ರೀ. ಹದಿನೈದು ಮುಗಿಯೋ ಹೊತ್ತಿಗೆ ಈ ಕೈಗೆ ಬೇರೆ ಏನೂ ಬರಲ್ಲ.”

ದೊಡ್ಡಪ್ಪ ತಮಾಷೆ ಮಾಡಲಿಲ್ಲ. ಪಕ್ಕದಲ್ಲಿ ಕೂತು ಕುಂಚ ತೊಳೆದುಕೊಟ್ಟರು.

ಇವತ್ತು ಮಧ್ಯಾಹ್ನ ದೊಡ್ಡಮ್ಮ ಬೀರುವಿನಿಂದ ಆ ಹಳದಿ ಚೀಟಿ ಪುಸ್ತಕ ತೆಗೆದರು. ತುಂಬಾ ಹೊತ್ತು ಪೆನ್ನು ಹಿಡಿದು ಕೂತಿದ್ದು, ಕಡೆಗೆ ‘ಹೊಂದಲಿಲ್ಲ’ ಎಂದು ಬರೆದರು. ಹೊಂದಿರುವುದು ಅವರಿಗೂ ಗೊತ್ತು, ನನಗೂ ಗೊತ್ತು. ಜೀವಮಾನದ ಮೊದಲನೇ ಚೀಟಿ, ಅದೂ ಸುಳ್ಳು.

“ಆ ಹೋಟೆಲಿನವರ ಮುಖ ನೋಡಿದ್ರೆ ನಾನು ಮತ್ತೆ ಹೂಂ ಅಂದ್ಬಿಡ್ತೀನಿ ಕಣೇ,” ಎಂದು ಚೀಟಿಯನ್ನು ನನ್ನ ಮುಷ್ಟಿಯಲ್ಲಿಟ್ಟರು.

ಮನೆಗೆ ಯಾರಾದರೂ ಬಂದರೆ ಅಡುಗೆಮನೆಗೆ ಓಡುವವಳು ನಾನು. ನಾಳೆ ಹತ್ತು ಗಂಟೆಗೆ ಹೋಟೆಲ್ ಯಜಮಾನರು ಚಿತ್ರ ಒಯ್ಯಲು ಬರುತ್ತಾರೆ. ಬಾಗಿಲು ತೆಗೆದು ಒಂಬತ್ತು ಚಿತ್ರ ಕೊಡುತ್ತೇನೆ, ಹತ್ತನೆಯದು ಇನ್ನು ಬರುವುದಿಲ್ಲ ಎಂದು ಹೇಳಿ ಈ ಚೀಟಿಯನ್ನೂ ಕೊಡುತ್ತೇನೆ.