ಹದಿನಾಲ್ಕು ಜೊತೆ ಚಪ್ಪಲಿ

ಇವತ್ತು ಬೆಳಿಗ್ಗೆ ಬಾಗಿಲ ಸಂದಿಯಿಂದ ಒಂದು ಕಾಗದ ಒಳಗೆ ಬಂದು ಬಿತ್ತು. ನಮ್ಮ ಅಪಾರ್ಟ್‌ಮೆಂಟಿನ ಹೊಸ ಕಾರ್ಯದರ್ಶಿ ಕಳಿಸಿದ್ದು. ನೀರಿನ ಖರ್ಚು ಹಂಚಲು, ಮನೆಯಲ್ಲಿ ಎಷ್ಟು ಜನ, ನೆಂಟರೆಷ್ಟು, ಅವರು ಎಷ್ಟು ದಿನ ಇರುತ್ತಾರೆ ಎಂದು ಬರೆದುಕೊಡಬೇಕಂತೆ. ಓದುತ್ತಲೇ ನಗು ಬಂತು, ಹಿಂದೆಯೇ ಮುಖ ಬಿಸಿಯಾಯಿತು. ಯಾಕೆಂದು ಹೇಳುತ್ತೇನೆ, ನೀವು ಯಾರಿಗೂ ಹೇಳಬೇಡಿ.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ, ಆರು ಮನೆಗಳ ಸಣ್ಣ ಕಟ್ಟಡವೊಂದರಲ್ಲಿದ್ದೆವು. ಬೋರ್‌ವೆಲ್ ಮೋಟರಿಗೂ ಮೆಟ್ಟಿಲ ದೀಪಕ್ಕೂ ಒಂದೇ ಮೀಟರ್. ಬಂದ ಬಿಲ್ಲನ್ನು ಆರು ಪಾಲು ಮಾಡುವುದು ರೂಢಿ. ನಾನಾಗ ಕಚೇರಿಯಲ್ಲಿ ಮೋರಿ, ಸೇತುವೆಗಳ ಅಂದಾಜು ಪಟ್ಟಿ ಬರೆಯುವ ಗುಮಾಸ್ತ. ಕಟ್ಟದ ಮೋರಿಗೂ ಸಿಮೆಂಟಿನ ಲೆಕ್ಕ ಹಾಕಬಲ್ಲವನಿಗೆ ಈ ಆರು ಪಾಲು ತೀರಾ ಒರಟಾಗಿ ಕಂಡಿತು. ಒಂದು ಸಲ ಬಿಲ್ಲು ಹೆಚ್ಚು ಬಂದದ್ದೇ ನೆಪ, ತಲೆಯೆಣಿಕೆಯ ಮೇಲೆ ಹಂಚೋಣ, ಬಂದುಹೋಗುವವರನ್ನೂ ಸೇರಿಸೋಣ ಎಂದು ಎಲ್ಲರ ಮುಂದೆ ಹೇಳಿಯೇಬಿಟ್ಟೆ. ನಮ್ಮ ಮನೆಯಲ್ಲಿ ನಾವಿಬ್ಬರೇ ಇದ್ದದ್ದಕ್ಕೂ ನನ್ನ ನ್ಯಾಯನಿಷ್ಠೆಗೂ ಸಂಬಂಧವಿಲ್ಲವೆಂದು ಆಗ ಆಣೆ ಮಾಡುತ್ತಿದ್ದೆ. ಈಗ ಕೇಳಬೇಡಿ.

ಎಣಿಸುವುದು ಹೇಗೆ? ಕೇಳಿದರೆ ಯಾರೂ ನಿಜ ಹೇಳುವುದಿಲ್ಲ, ಚಪ್ಪಲಿ ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ಸಂಜೆ ಏನಾದರೊಂದು ನೆಪ ಮಾಡಿಕೊಂಡು ಮೇಲಿನವರೆಗೆ ಹತ್ತಿಳಿದು, ಪ್ರತಿ ಬಾಗಿಲ ಮುಂದಿನ ಜೊತೆಗಳನ್ನು ಎಣಿಸಿ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ.

ಮೇಲ್ಮನೆಯ ಹಾಲೇಶನ ಹೆಂಡತಿಗೆ ಆಗಷ್ಟೇ ಎರಡನೇ ಹೆರಿಗೆಯಾಗಿತ್ತು. ದೊಡ್ಡ ಮಗಳ ಶಾಲೆ ತಪ್ಪಬಾರದೆಂದು, ಬಾಣಂತನಕ್ಕೆ ಆಕೆಯ ತಾಯಿ ಗಂಗವ್ವನವರೇ ಹರಿಹರದಿಂದ ಬಂದಿದ್ದರು. ಕೂಸು ನೋಡಲು ಬಂದವರ ಚಪ್ಪಲಿಯನ್ನೂ ಬಿಡದೆ ಬರೆದೆ. ತಿಂಗಳ ಕೊನೆಗೆ ಪಟ್ಟಿ ಮೆಟ್ಟಿಲ ಗೋಡೆಗೆ ಅಂಟಿತು. ಹಾಲೇಶನ ಪಾಲೇ ಎಲ್ಲರಿಗಿಂತ ದೊಡ್ಡದು.

ಮರುದಿನ ಗಂಗವ್ವನವರು ಬರಿಗಾಲಲ್ಲಿ ಮೆಟ್ಟಿಲು ಹತ್ತುತ್ತಿದ್ದರು. ಚಪ್ಪಲಿ ಸೆರಗಿನ ಮರೆಯಲ್ಲಿತ್ತು. ನನ್ನನ್ನು ಕಂಡು ಗೋಡೆಗೆ ಸರಿದು ನಿಂತರು. ನಾನು ಮನಸ್ಸಿನಲ್ಲೇ ಒಂದು ಜೊತೆ ಕೂಡಿಸಿಕೊಂಡೆ. ಅಂಥವನು ನಾನು.

ಸಂಜೆ ಹೆಂಡತಿ ತಟ್ಟೆಯನ್ನು ಕುಕ್ಕಿ ಇಟ್ಟಳು. "ಆ ಅವ್ವಾರು ಬಾಣಂತಿಗೆ ಎರೆಯೋ ನೀರೂ ಚೊಂಬಲ್ಲಿ ಅಳ್ದು ಹಾಕ್ತಾರಂತೆ. ನಾಳೆ ಹರಿಹರಕ್ಕೆ ಹೊಂಟಾರೆ, ಹಸಿ ಬಾಣಂತಿನ ಬಿಟ್ಟು. ನಿಮ್ ಲೆಕ್ಕ ಹೆಂಗೈತೆ ನೋಡ್ರಿ."

"ಪಟ್ಟಿ ಅಂದ್ರೆ ಪಟ್ಟಿ," ಎಂದೆ. ಊಟ ಮಾತ್ರ ಸೇರಲಿಲ್ಲ.

ಬೆಳಿಗ್ಗೆ ಬಾಗಿಲು ತೆಗೆದರೆ ಕಾಲಿಡಲು ಜಾಗವಿಲ್ಲ. ಹೊಸ್ತಿಲಿನಿಂದ ಮೆಟ್ಟಿಲವರೆಗೆ ಚಪ್ಪಲಿಗಳ ಸಾಲು. ಕೆಳಮನೆಯ ಗಡಿಯಾರ ರಿಪೇರಿಯ ಖಾದರ್ ಸಾಬರ ದೊಡ್ಡ ಸ್ಯಾಂಡಲ್ಲು, ಹಾಲೇಶನ ಮಗಳ ಶಾಲೆಯ ಬೂಟು, ನಡುವೆ ನನ್ನ ಹೆಂಡತಿಯ ಹಬ್ಬಕ್ಕೆಂದು ಎತ್ತಿಟ್ಟ ಚಪ್ಪಲಿಯೂ ಕೂತಿತ್ತು. ಸಾಬರು ಬರಿಗಾಲಲ್ಲಿ ಮೆಟ್ಟಿಲ ಮೇಲೆ ನಿಂತಿದ್ದರು.

"ಎಣಸ್ರಿ ಸಾರ್, ನಾಚ್ಕಬ್ಯಾಡ್ರಿ. ನಿಮ್ಮನ್ಯಾಗೆ ಹದಿನಾಲ್ಕು ಮಂದಿ ಆಗ್ಯಾರೆ. ಲೆಕ್ಕ ಅಂದ್ರೆ ಲೆಕ್ಕ!"

ಉಳಿದ ಬಾಗಿಲುಗಳ ಹಿಂದಿನಿಂದ ನಗು ಕೇಳಿಸಿತು. ಒಂದು ನಗು ನಮ್ಮ ಅಡುಗೆಮನೆಯಿಂದಲೇ ಬಂತು. ನಾನು ಚಪ್ಪಲಿಗಳನ್ನು ದಾಟಿಕೊಂಡು ಮೇಲೆ ಓಡಿದೆ.

ಗಂಗವ್ವನವರ ಚೀಲ ಸಿದ್ಧವಾಗಿತ್ತು. "ಯಪ್ಪಾ, ಚಪ್ಲಿ ಒಳಗೇ ಇಟ್ಕಂಡಿದ್ದೆ. ಆದ್ರೂ ಲೆಕ್ಕಕ್ಕೆ ಸಿಕ್ಕೇಬಿಟ್ನಾ?" ಎಂದರು. ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

"ತಪ್ಪಾತು ಅವ್ವಾರೆ, ಹೋಗಬ್ಯಾಡ್ರಿ," ಎಂದೆ. ಬಾಗಿಲ ಹಿಂದೆ ಪೇಪರಿನಲ್ಲಿ ಸುತ್ತಿಟ್ಟಿದ್ದ ಅವರ ಚಪ್ಪಲಿಯನ್ನು ನಾನೇ ತೆಗೆದು ಹೊಸ್ತಿಲಾಚೆ ಜೋಡಿಸಿಟ್ಟೆ. ಅವು ಮೂರು ತಿಂಗಳು ಅಲ್ಲೇ ಇದ್ದವು. ಬಿಲ್ಲು ಮತ್ತೆ ಆರು ಪಾಲಾಯಿತು.

ಈಗ ಈ ಕಾಗದ. ಏನೂ ಬರೆಯದೆ ಹಾಗೆಯೇ ಕಾರ್ಯದರ್ಶಿಯ ಮನೆಗೆ ಒಯ್ದೆ. ಒಳ್ಳೆಯ ಹುಡುಗ, ನನ್ನಂತೆಯೇ ಲೆಕ್ಕದ ಹುಚ್ಚು.

"ಸಮಪಾಲು ಮಾಡಪ್ಪ," ಎಂದೆ.

"ಅದು ಸೈಂಟಿಫಿಕ್ ಅಲ್ಲ ಅಂಕಲ್," ಎಂದ.

ನನ್ನ ಚಪ್ಪಲಿಯನ್ನು ಅವನ ಬಾಗಿಲ ಮುಂದೆಯೇ ಬಿಟ್ಟು ಬರಿಗಾಲಲ್ಲಿ ಬಂದಿದ್ದೇನೆ. ಇನ್ನು ಚಪ್ಪಲಿ ಎರವಲು ಕೇಳಲು ಎದುರುಮನೆಯವರ ಬಾಗಿಲು ತಟ್ಟಬೇಕು. ಅಲ್ಲಿ ಐದು ಜೊತೆ ಇವೆ.