ಜೀಪಿಗೆ ಹೆಡರ್ ಬೇಡವೆಂದದ್ದು

ನಮ್ಮ ಹಳೇ ಪೆಟ್ರೋಲ್ ಜೀಪಿನ ಮ್ಯಾನಿಫೋಲ್ಡ್ ಸೀಳಿತು. ಇಂಜಿನ್ನಿನ ಪಕ್ಕಕ್ಕೆ ಕಚ್ಚಿಕೊಂಡು ಹೊಗೆ ಹೊರಗೆ ಹಾಕುವ ಬೀಡು ಕಬ್ಬಿಣ ಅದು. ತಿಪಟೂರಿನ ಮೆಕ್ಯಾನಿಕ್ ಬಿಚ್ಚಿ ನೆಲಕ್ಕಿಟ್ಟ. ಜೀಪು ನನ್ನದು, ಓಡಿಸುವವಳೂ ನಾನೇ. ಆದರೂ ಅವನು ಮಾತಾಡಿದ್ದು ಜೊತೆಗೆ ಬಂದಿದ್ದ ನನ್ನ ಅಳಿಯನ ಹತ್ತಿರ.

"ಇದನ್ನ ಬುಡಿ ಸಾರ್, ಹೆಡರ್ ಹಾಕ್ಸಿ. ನಾಲ್ಕು ಸಿಲಿಂಡರ್‌ಗೆ ನಾಲ್ಕು ಪೈಪು. ಹೊಗೆ ಸಲೀಸಾಗಿ ಹೋಯ್ತದೆ, ಎಳೆತ ಜಾಸ್ತಿ."

"ಸೌಂಡೂ ಚೆನ್ನಾಗಿರ್ತದೆ ಅತ್ತೆ," ಅಂದ ಅಳಿಯ.

"ಸೌಂಡ್ ಕೇಳಕ್ಕೆ ಜೀಪ್ ಇಟ್ಟಿಲ್ಲ ಕಣಪ್ಪ."

ಇಬ್ಬರೂ ನಕ್ಕರು. ಬೇಡವಾದರೆ ಬಿಚ್ಚಿದರಾಯಿತು ಎಂದು ಮೆಕ್ಯಾನಿಕ್ ಹಾಕಿಯೇಬಿಟ್ಟ. ಅರಳಗುಪ್ಪೆ ದಾರಿಯಲ್ಲಿ ಓಡಿಸಿ ಬಂದೆ. ಎಳೆತ ಹೆಚ್ಚಿದ್ದು ನಿಜ, ಸುಳ್ಳೇಕೆ ಹೇಳಲಿ. ಬಂದವಳೇ ಬಾನೆಟ್ ಎತ್ತಿಸಿ, ಸೀಟಿನಡಿ ಬಿದ್ದಿದ್ದ ತೆಂಗಿನ ನಾರನ್ನು ಪೈಪಿನ ಮೇಲಿಟ್ಟೆ. ನೋಡುತ್ತಿದ್ದಂತೆ ಹೊಗೆಯಾಡಿ ಅಂಚು ಕೆಂಪಾಯಿತು.

ನಮ್ಮಲ್ಲಿ ಕಾಯಿ ವರ್ಷವಿಡೀ ಅಟ್ಟದಲ್ಲಿದ್ದು ಕೊಬ್ಬರಿಯಾಗುತ್ತದೆ. ಒಣಗಿದ್ದನ್ನು ಅಟ್ಟದ ಕಿಂಡಿಯಿಂದ ನೇರ ಜೀಪಿಗೆ ಇಳಿಸಿ ಸುಲಿಯುವ ಕಡೆಗೆ ಒಯ್ಯುತ್ತೇವೆ. ಜೀಪು ನಿಲ್ಲುವುದೇ ಅದರ ಕೆಳಗೆ. ಮೇಲಿನಿಂದ ನಾರು ಉದುರಿ ಬಾನೆಟ್ಟಿನ ಸಂದಿಗೆ ಇಳಿಯುತ್ತಲೇ ಇರುತ್ತದೆ. ಒಂದು ಕಿಡಿ ಸಾಕು, ವರ್ಷದ ಬೆಳೆಯೂ ಮನೆಯೂ ಬೂದಿ.

"ಹಳೇದೂ ಕಾಯ್ತಿತ್ತಲ್ಲಮ್ಮ," ಅಂದ ಮೆಕ್ಯಾನಿಕ್.

"ಕಾಯ್ತಿತ್ತು. ಮೇಲೆ ತಗಡಿನ ಮುಚ್ಚಳ ಇತ್ತು. ಇದಕ್ಕೆ ಕೂರ್ತದಾ?"

"ಕೂರಕಿಲ್ಲ. ಶಾಖ ತಡೆಯೋ ಪಟ್ಟಿ ಸುತ್ತನ ಬುಡಿ."

"ಈ ಇಂಜಿನ್ನು ಆಯಿಲ್ ಸೋರ್ತದೆ. ಪಟ್ಟಿಗೆ ಆಯಿಲ್ ಕುಡ್ಸಿ ದೀಪ ಹಚ್ಚದಾ?"

"ಜೀಪ್ ಹೊರಗೆ ನಿಲ್ಸಿ ಅತ್ತೆ," ಅಂದ ಅಳಿಯ.

"ಕಾಯಿ ನೀನ್ ಬಂದು ಹೊರ್ತೀಯೇನಪ್ಪ?"

ಅವನು ಫೋನ್ ನೋಡತೊಡಗಿದ. ನಾನು ಹೆಡರ್ ಬಿಚ್ಚಿಸಿದೆ.

ಮರುದಿನ ಬಸ್ಸು ಹತ್ತಿ ಹುಳಿಯಾರಿಗೆ ಹೋದೆ. ಗುಜರಿ ಅಂಗಡಿಯಲ್ಲಿ ಅಂಥದ್ದೇ ಮೂರು ಹಳೇ ಮ್ಯಾನಿಫೋಲ್ಡ್ ಸಿಕ್ಕವು. ಕಾಯಿ ಬಡಿದು ನೋಡುವಂತೆ ಒಂದೊಂದನ್ನೂ ಕಲ್ಲಿನಿಂದ ಬಡಿದೆ. ಎರಡು ಒಡಕು ದನಿ ಕೊಟ್ಟವು. ಮೂರನೆಯದನ್ನು ತೊಡೆಯ ಮೇಲಿಟ್ಟುಕೊಂಡು ತಂದೆ.

ಮೆಕ್ಯಾನಿಕ್ ಮುಖ ಗಂಟಿಕ್ಕಿಕೊಂಡೇ ಕೂರಿಸಿ, ಮುಚ್ಚಳ ಬಿಗಿದ.

"ಏರಲ್ಲಿ ತಿಣುಕ್ತದೆ. ಆಮೇಲೆ ನನ್ ಬೈಬ್ಯಾಡಿ."

"ತಿಣುಕ್ಲಿ ಬುಡು. ಒಂದ್ ಗೇರ್ ಇಳಿಸ್ಕೊಂಡು ಬತ್ತೀನಿ," ಅಂದು ಕೀ ಇಸಿದುಕೊಂಡೆ.